ಯಂತ್ರಕ್ಕೆ ಕೋನ ಹೇಳುವವರು ಯಾರು?

ಎರಡು ವರ್ಷದ ಹಿಂದೆ ನನ್ನ ನಾನಿ ಹವಳಗಾದ ಮನೆಯ ಬಚ್ಚಲಲ್ಲಿ ಜಾರಿ ಬಿದ್ದರು. ತೊಡೆಯ ಎಲುಬು ಸೊಂಟಕ್ಕೆ ಸೇರುವ ಕಡೆ ಮುರಿದಿತ್ತು. ಎಣ್ಣೆ, ಪಟ್ಟಿ ಎಂದು ಎರಡು ದಿನ ಮನೆಯಲ್ಲೇ ಕಳೆದೆವು. ಅದು ನಮ್ಮದೇ ತಪ್ಪು. ಆಮೇಲೆ ಆಸ್ಪತ್ರೆಗೆ ಸೇರಿಸಿ ಸೊಂಟದ ಕೀಲನ್ನೇ ಬದಲಿಸಬೇಕಾಯಿತು. ಆಪರೇಷನ್‌ಗೆ ಮೊದಲು ನಾನಿ ಖರ್ಚಿನ ಬಗ್ಗೆ ಕೇಳಲಿಲ್ಲ, ನೋವಿನ ಬಗ್ಗೆಯೂ ಕೇಳಲಿಲ್ಲ.

"ಡಾಕ್ಟರ್ ಸಾಬ್, ಸಜ್ದಾ ಮಾಡ್ಲಾಕ ಬರ್ತದಲ್ರೀ?"

"ಇನ್ನ ಕುರ್ಚಿ ಮ್ಯಾಲ ಕುಂತು ನಮಾಜ್ ಮಾಡ್ರಿ ಅಮ್ಮಾ. ನೆಲಕ್ಕ ಕೂಡಬ್ಯಾಡ್ರಿ."

ಕಾಯಿಲೆಯವರಿಗೆ ನಮ್ಮ ದೀನ್‌ನಲ್ಲಿ ರಿಯಾಯಿತಿ ಇದೆ, ಅದು ನಾನಿಗೂ ಗೊತ್ತು. ಆದರೂ ಆ ದಿನ ಅವರ ಮುಖ ನೋಡಿದ ಮೇಲೆ, ನೆಲಕ್ಕೆ ಯಾಕೆ ಕೂರಬಾರದು ಎಂದು ತಿಳಿಯಲು ನಾನು ಓದತೊಡಗಿದೆ.

ಸೊಂಟದ ಕೀಲು ಎಂದರೆ ಬಟ್ಟಲಿನಲ್ಲಿ ಕೂತ ಗುಂಡು. ಹಾಳಾದ ಗುಂಡನ್ನು ತೆಗೆದು, ಎಲುಬಿನ ಗುಣಿಯನ್ನು ಕೆರೆದು, ಅಲ್ಲಿ ಹೊಸ ಬಟ್ಟಲನ್ನು ಕೂರಿಸುತ್ತಾರೆ. ಬಟ್ಟಲು ಎಷ್ಟು ವಾಲಿರಬೇಕು, ಎಷ್ಟು ಮುಂದಕ್ಕೆ ತಿರುಗಿರಬೇಕು ಎಂಬ ಎರಡು ಕೋನಗಳ ಮೇಲೆ ಬಹಳಷ್ಟು ನಿಂತಿದೆ. ಅದು ತಪ್ಪಿದರೆ ಆಳವಾಗಿ ಬಗ್ಗಿದಾಗ ಲೋಹದ ಕುತ್ತಿಗೆ ಬಟ್ಟಲಿನ ಅಂಚಿಗೆ ಬಡಿದು ಗುಂಡು ಹೊರಗೆ ಜಾರಬಹುದು. ಬಟ್ಟಲಿನ ಒಳಪದರವೂ ಬೇಗ ಸವೆಯಬಹುದು. ರೋಗಿ ಬಟ್ಟೆಯಡಿ ಮಗ್ಗುಲಾಗಿ ಮಲಗಿದಾಗ ಸೊಂಟ ಎಷ್ಟು ವಾಲಿದೆ ಎಂಬುದು ಕಣ್ಣಿಗೆ ಸರಿಯಾಗಿ ಕಾಣುವುದಿಲ್ಲ. ಸರ್ಜನ್ ಅನುಭವದ ಮೇಲೆ ಅಂದಾಜು ಮಾಡುತ್ತಾರೆ.

ಕಂಪ್ಯೂಟರ್ ನ್ಯಾವಿಗೇಷನ್ ಬರುವುದು ಇಲ್ಲಿಗೆ. ಸೊಂಟದ ಎಲುಬಿಗೆ ಸಣ್ಣ ಪಿನ್ನುಗಳನ್ನು ಹಾಕಿ, ಅವುಗಳ ಮೇಲೆ ಹೊಳೆಯುವ ಗೋಲಿಗಳನ್ನು ಕೂರಿಸುತ್ತಾರೆ. ಇನ್‌ಫ್ರಾರೆಡ್ ಕ್ಯಾಮೆರಾ ಅವನ್ನು ಸದಾ ನೋಡುತ್ತಿರುತ್ತದೆ. ಸರ್ಜನ್ ಒಂದು ಕಡ್ಡಿಯಿಂದ ಸೊಂಟದ ಎರಡೂ ಬದಿಯ ಎಲುಬಿನ ತುದಿಗಳನ್ನು, ಕೆಳಗೆ ಮುಂಭಾಗದ ಎಲುಬನ್ನು ಮುಟ್ಟಿ ತೋರಿಸುತ್ತಾರೆ. ಆ ಬಿಂದುಗಳಿಂದ ಕಂಪ್ಯೂಟರ್ ಒಂದು ಸಮತಲವನ್ನು ಕಟ್ಟಿ, ಬಟ್ಟಲಿನ ಕೋನವನ್ನು ಪರದೆಯ ಮೇಲೆ ಡಿಗ್ರಿಯಲ್ಲಿ ತೋರಿಸುತ್ತದೆ. ಸೆಕೆಂಡ್ ಪಿಯುಸಿಯ ವೆಕ್ಟರ್ ಪಾಠದಲ್ಲಿ ತೂಕಡಿಸಿದವರು (ನಾನೂ ಒಬ್ಬ) ಇದನ್ನು ಗಮನಿಸಬೇಕು.

ಹೀಗೆ ಮಾಡಿದಾಗ ಬಟ್ಟಲು ಅಂದುಕೊಂಡ ಕೋನಕ್ಕೆ ಹೆಚ್ಚು ಹತ್ತಿರ ಕೂರುವುದು ಅಧ್ಯಯನಗಳಲ್ಲಿ ಮತ್ತೆ ಮತ್ತೆ ಕಂಡಿದೆ. ವರ್ಷಗಳ ನಂತರದ ನೋವಿನಲ್ಲಿ, ನಡಿಗೆಯಲ್ಲಿ ಅಷ್ಟು ಸ್ಪಷ್ಟವಾದ ಲಾಭ ಕಂಡಿಲ್ಲ. ಬೆಂಗಳೂರು, ಹೈದರಾಬಾದಿನ ದೊಡ್ಡ ಆಸ್ಪತ್ರೆಗಳ ಜಾಹೀರಾತಿನಲ್ಲಿ ಮೊದಲಿನ ಮಾತು ಮಾತ್ರ ಇರುತ್ತದೆ.

ನನ್ನ ತಕರಾರು ಬೇರೆ. ಅಂದುಕೊಂಡ ಕೋನ ಎಂದೆನಲ್ಲ, ಅದನ್ನು ಅಂದುಕೊಂಡವರು ಯಾರು? ಇಂದಿಗೂ ಬಹಳ ಕಡೆ ಬಳಸುವ ಸಂಖ್ಯೆಗಳು 1978ರಲ್ಲಿ ಅಮೆರಿಕದ ಲೆವಿನೆಕ್ ಮತ್ತು ಸಂಗಡಿಗರು ಪ್ರಕಟಿಸಿದವು: ವಾಲು 40 ಡಿಗ್ರಿ, ಮುಂದಕ್ಕೆ ತಿರುವು 15 ಡಿಗ್ರಿ, ಎರಡಕ್ಕೂ ಹತ್ತು ಡಿಗ್ರಿ ಹೆಚ್ಚುಕಡಿಮೆ. ಅವರು ನೋಡಿದ್ದು 300 ಆಪರೇಷನ್. ಅವುಗಳಲ್ಲಿ ಕೀಲು ಜಾರಿದ್ದು ಒಂಬತ್ತು. 2016ರಲ್ಲಿ ಅಮೆರಿಕದ್ದೇ ಆದ ಮೇಯೋ ಕ್ಲಿನಿಕ್‌ನ ವೈದ್ಯರು, ಜಾರಿದ ಕೀಲುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಈ ಮಿತಿಯ ಒಳಗೇ ಇದ್ದವು ಎಂದು ವರದಿ ಮಾಡಿದರು. ನಿಂತಾಗ ಇರುವ ಸೊಂಟ ಕೂತಾಗ ಹಿಂದಕ್ಕೆ ವಾಲುತ್ತದೆ, ಅದರ ಜೊತೆ ಬಟ್ಟಲೂ ತಿರುಗುತ್ತದೆ. ಒಬ್ಬೊಬ್ಬರಲ್ಲಿ ಒಂದೊಂದು ರೀತಿ.

ಕುರ್ಚಿ, ಕಮೋಡ್, ಕಾರಿನ ಸೀಟಿನ ಬದುಕಿನಲ್ಲೇ ಇಷ್ಟು ವ್ಯತ್ಯಾಸವಾದರೆ ನಮ್ಮ ಕಡೆಯ ಮಾತೇನು? ನಾನಿ ಒಂದು ಮೊಣಕಾಲೆತ್ತಿ ಕೂತು ಜೋಳದ ರೊಟ್ಟಿ ಬಡಿದವರು, ತೊಗರಿ ಹೊಲದಲ್ಲಿ ಕುಕ್ಕರಗಾಲಲ್ಲಿ ಕಳೆ ತೆಗೆದವರು, ದಿನಕ್ಕೆ ಐದು ಹೊತ್ತು ಸಜ್ದಾಕ್ಕೆ ಬಾಗಿದವರು. ಆ ಸೊಂಟಕ್ಕೆ ಯಾವ ಕೋನ ಸರಿ ಎಂದು ಅಳೆಯದೆ ಯಂತ್ರ ತಂದರೆ, ಬೇರೆಯವರ ಸಂಖ್ಯೆಯನ್ನು ಅದು ನಮ್ಮ ಎಲುಬಿನಲ್ಲಿ ತಪ್ಪಿಲ್ಲದೆ ಕೂರಿಸುತ್ತದೆ, ಅಷ್ಟೇ.

ಇದನ್ನು ಹೇಳಿದಾಗ ನಮ್ಮ ಫಿಸಿಕ್ಸ್ ಸರ್ ಒಪ್ಪಲಿಲ್ಲ. ಸರಿಯಾಗಿ ಅಳೆಯುವ ಸಾಧನವಿಲ್ಲದೆ ಯಾವ ಕೋನ ಒಳ್ಳೆಯದೆಂದು ಕಲಿಯುವುದು ಹೇಗೆ ಎಂದರು. ಮಾತು ನಿಜ. ಸರಿಯಾದ ಕೋನ ಗೊತ್ತಾದ ದಿನ ಬರಿಗಣ್ಣು ಸಾಲುವುದಿಲ್ಲ, ಯಂತ್ರ ಬೇಕೇ ಬೇಕು. ಆದರೆ ಮೊದಲ ಕೆಲಸ ಅಗ್ಗದ್ದು. ನಿಂತಾಗ ಒಂದು, ಕುರ್ಚಿಯಲ್ಲಿ ಒಂದು, ನೆಲಕ್ಕೆ ಕೂತಾಗ ಒಂದು, ಹೀಗೆ ಪಕ್ಕದಿಂದ ತೆಗೆದ ಎಕ್ಸ್-ರೇ ಸಾಕು. ಕಲಬುರಗಿಯಲ್ಲೇ ಜಿಮ್ಸ್ ಇದೆ, ಕೆಬಿಎನ್ ಇದೆ, ಎಂ.ಆರ್. ಮೆಡಿಕಲ್ ಕಾಲೇಜಿದೆ. ನೀಟ್ ಬರೆದು ಅಲ್ಲಿಗೆ ಹೋಗುವ ನಮ್ಮವರು ಯಾರಾದರೂ ಈ ಪ್ರಶ್ನೆಯನ್ನು ಎತ್ತಿಕೊಳ್ಳಲಿ ಎಂದು ನನ್ನ ಆಸೆ. ಹುಡುಗಿಯರಾದರೆ ಇನ್ನೂ ಒಳ್ಳೆಯದು. ಅಜ್ಜಿಯಂದಿರು ಅವರ ಹತ್ತಿರ ಬಿಚ್ಚಿ ಮಾತಾಡುತ್ತಾರೆ.

ನಾನಿಯ ಎಕ್ಸ್-ರೇ ಫಿಲ್ಮ್ ನಮ್ಮ ಅಲಮಾರಿಯಲ್ಲಿದೆ. ಹೋದ ವಾರ ಕಿಟಕಿಯ ಬೆಳಕಿಗೆ ಹಿಡಿದು ಕಂಪಾಸ್ ಬಾಕ್ಸಿನ ಕೋನಮಾಪಕ ಇಟ್ಟೆ. ವಾಲು ಸುಮಾರು 45 ಡಿಗ್ರಿ ಬಂತು. ಮುಂದಕ್ಕೆ ಎಷ್ಟು ತಿರುಗಿದೆ ಎಂಬುದನ್ನು ಅಳೆಯಲು ನನಗೆ ಬರಲಿಲ್ಲ. ಕುರ್ಚಿಯಲ್ಲಿ ಕೂತು ಅಸರ್ ಮುಗಿಸಿದ ನಾನಿ, "ಏನ್ ಹುಡುಕ್ಲಾಕತ್ತಿ ಬೇಟಾ?" ಎಂದರು. ಮುಂದಿನ ತಪಾಸಣೆಗೆ ಹೋದಾಗ ಕೇಳಬೇಕಾದ್ದನ್ನು ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಬರೆದಿಟ್ಟಿದ್ದೇನೆ.