ಗಿಲೀಟಿಲ್ಲದ ದೇವರ ಮನೆ

“ಇದೂ ಒಂದು ಚರ್ಚೇನೇ? ನಮ್ಮೂರ ಅಕ್ಕಿ ಗೋಡೌನಿನ ಹಾಗಿದೆಯಲ್ಲೇ!”

ಮಗಳ ಮನೆಗೆಂದು ಲಂಡನ್ನಿಗೆ ಹೋಗಿದ್ದಾಗ, ಊರಿನ ಆಗ್ನೇಯಕ್ಕಿರುವ ಎಲ್ಥಮ್ ಎಂಬಲ್ಲಿ ನಾನು ಆಡಿದ ಮಾತಿದು. ಮಗಳು ನಡೆಯುತ್ತಿದ್ದವಳು ನಿಂತಳು. “ಅಮ್ಮ, ಮೈಮೇಲೆ ಒಡವೆಯಿಲ್ಲದ ಹೆಂಗಸನ್ನು ‘ಪಾಪ, ಬಡವಿ’ ಅಂದವರ ಮೇಲೆ ಮದುವೆಮನೆಯಲ್ಲೇ ರೇಗಿದವಳು ನೀನೇ ಅಲ್ಲವೇ?” ಅಂದಳು. ನನ್ನ ಬಾಯಿ ಕಟ್ಟಿತು. ಆ ನಾಚಿಕೆಯಿಂದಲೇ ಇದನ್ನು ಬರೆಯುತ್ತಿದ್ದೇನೆ.

ಅದು ಸೇಂಟ್ ಸೇವಿಯರ್ಸ್ ಚರ್ಚು. 1932–33ರಲ್ಲಿ ಕಟ್ಟಿದ್ದು. ಅದನ್ನು ರೂಪಿಸಿದವನು ಕ್ಯಾಶ್‌ಮೇಲ್-ಡೇ ಎಂಬ ವಾಸ್ತುಶಿಲ್ಪಿ. ಮುಗಿಲಿಗೆ ಚುಚ್ಚುವ ಗೋಪುರವಿಲ್ಲ, ಕೆತ್ತನೆಯ ಕಲ್ಲಿಲ್ಲ. ಕೋಟೆಯಂತೆ ನಿಂತ ಇಟ್ಟಿಗೆ ಗೋಡೆ, ಅದನ್ನು ಸೀಳಿದಂತಿರುವ ಎತ್ತರದ ಕಿರಿದಾದ ಕಿಟಕಿಗಳು, ಅಷ್ಟೇ. ಒಂದು ಭಾನುವಾರ ಒಳಗೆ ಹೋಗಿ ಕುಳಿತೆ. ಒಳಗೂ ಇಟ್ಟಿಗೆ ಇಟ್ಟಿಗೆಯಾಗಿಯೇ, ಕಾಂಕ್ರೀಟು ಕಾಂಕ್ರೀಟಾಗಿಯೇ ಕಾಣುತ್ತದೆ. ಮೇಲೆ ಸುಣ್ಣಬಣ್ಣದ ಮುಚ್ಚುಮರೆಯಿಲ್ಲ. ಕಣ್ಣನ್ನು ಆಚೀಚೆ ಎಳೆಯುವ ವಸ್ತುವೇ ಇಲ್ಲವಾದ್ದರಿಂದ ಅದು ತಾನಾಗಿ ಪೀಠದ ಕಡೆಗೇ ಹೋಗುತ್ತದೆ. ಪಕ್ಕದ ಅಜ್ಜಿ ನನ್ನ ತಡಕಾಟ ನೋಡಿ ಹಾಡಿನ ಪುಸ್ತಕದ ಪುಟ ತೆಗೆದುಕೊಟ್ಟರು. ದೇವರ ಮನೆಯಲ್ಲಿ ಇದಕ್ಕಿಂತ ಹೆಚ್ಚಿಗೆ ಇನ್ನೇನು ಬೇಕು, ನೀವೇ ಹೇಳಿ.

ಈ ಕಟ್ಟಡಕ್ಕೆ 1933ರಲ್ಲೇ ಬ್ರಿಟಿಷ್ ವಾಸ್ತುಶಿಲ್ಪಿಗಳ ರಾಜಮನ್ನಣೆಯ ಸಂಸ್ಥೆ ಕಂಚಿನ ಪದಕ ಕೊಟ್ಟಿತು. ಇಂದು ಅದು ರಕ್ಷಿತ ಕಟ್ಟಡಗಳ ಪಟ್ಟಿಯಲ್ಲಿದೆ. ಆದರೂ ನೋಡಲು ಬರುವವರು ಕಡಿಮೆ. ಏಕೆಂದರೆ ಅದರ ಸುತ್ತಲಿರುವುದು 1930ರ ದಶಕದಲ್ಲಿ ವೂಲಿಚ್ ಪುರಸಭೆ ದುಡಿಯುವ ಜನರಿಗೆ ಬಾಡಿಗೆಗೆಂದು ಕಟ್ಟಿಸಿದ ಮನೆಗಳು. ಪ್ರವಾಸಿಗರೆಲ್ಲ ಹೋಗುವುದು ಅಲ್ಲಿಗೆ ಹತ್ತಿರದಲ್ಲೇ ಇರುವ ಎಲ್ಥಮ್ ಅರಮನೆಗೆ.

ನಾನೂ ಹೋಗಿದ್ದೆ. ಸುಳ್ಳೇಕೆ, ಕಣ್ಣು ತುಂಬಿತು. ಹದಿನೈದನೆಯ ಶತಮಾನದ ರಾಜಸಭಾಂಗಣಕ್ಕೆ ಅಂಟಿಕೊಂಡಂತೆ 1933–36ರಲ್ಲಿ ಕೋರ್ಟೌಲ್ಡ್ ಎಂಬ ಶ್ರೀಮಂತ ದಂಪತಿ ಕಟ್ಟಿಸಿಕೊಂಡ ಮನೆ ಅದು. ಸ್ನಾನದ ಮನೆಯ ನಲ್ಲಿಗೂ ಚಿನ್ನದ ಲೇಪ! ಅವರು ಸಾಕಿದ್ದ ಮಹ್-ಜಾಂಗ್ ಎಂಬ ಲೀಮರಿಗೆ, ಅಂದರೆ ನಮ್ಮ ಕಾಡುಪಾಪದ ದೂರದ ನೆಂಟನಿಗೆ, ಬೆಚ್ಚಗಿನ ಬೇರೆ ಕೋಣೆ, ಅದರ ಗೋಡೆಗೆ ಬಿದಿರುಕಾಡಿನ ಚಿತ್ರ. ಒಂದೇ ಊರು, ಹೆಚ್ಚುಕಡಿಮೆ ಒಂದೇ ಕಾಲ. ಒಂದು ಕಡೆ ಗಂಡಹೆಂಡಿರಿಬ್ಬರಿಗಾಗಿ ಚಿನ್ನದ ನಲ್ಲಿ, ಇನ್ನೊಂದು ಕಡೆ ನೂರಾರು ಸಂಸಾರಗಳಿಗಾಗಿ ಇಟ್ಟಿಗೆಯ ಚರ್ಚು. ಮೊದಲನೆಯದಕ್ಕೆ ಟಿಕೆಟ್ಟು ಕೊಂಡು “ಅಬ್ಬಾ!” ಎನ್ನುತ್ತೇವೆ. ಎರಡನೆಯದನ್ನು ಗೋಡೌನು ಎನ್ನುತ್ತೇವೆ. ದೋಷ ಕಟ್ಟಡದ್ದೋ ನಮ್ಮ ಕಣ್ಣಿನದೋ?

“ಚರ್ಚು ಎಂದರೆ ಚರ್ಚಿನ ಹಾಗಿರಬೇಕು” ಎನ್ನುವವರಿದ್ದಾರೆ. ಯಾವ ಚರ್ಚಿನ ಹಾಗೆ? ನಾವು ಬೆರಗಾಗಿ ನೋಡುವ ಮೊನಚು ಕಮಾನಿನ ಇಂಗ್ಲಿಷ್ ಚರ್ಚುಗಳಲ್ಲಿ ಎಷ್ಟೋ ಹತ್ತೊಂಬತ್ತನೆಯ ಶತಮಾನದವು, ಆರುನೂರು ವರ್ಷ ಹಿಂದಿನದನ್ನು ನೋಡಿ ಕಟ್ಟಿದವು. ಆ ಹಳೆಯ ಕಮಾನೂ ತನ್ನ ಕಾಲಕ್ಕೆ ಹೊಸತೇ ಆಗಿತ್ತಲ್ಲವೇ? ಮೊದಲ ಮಹಾಯುದ್ಧ ಮುಗಿದ ಮೇಲೆ ಊರುಗಳು ಬೆಳೆದವು, ಹೊಸ ಬಡಾವಣೆಗಳಿಗೆ ಚರ್ಚುಗಳು ಬೇಕಾದವು, ಕೈಯಲ್ಲಿ ದುಡ್ಡು ಕಡಿಮೆ. ಅಗ್ಗದ ಕಮಾನು, ಅಗ್ಗದ ಕೆತ್ತನೆ ಅಂಟಿಸಿ ಗಿಲೀಟು ಒಡವೆ ತೊಡಿಸಬಹುದಿತ್ತು. ಹಾಗೆ ಮಾಡದೆ ಇದ್ದ ಇಟ್ಟಿಗೆಯನ್ನೇ ಮರ್ಯಾದೆಯಿಂದ ಜೋಡಿಸಿದರು. ಬಾಡಿಗೆ ಮನೆಯವರಿಗೆ ಇಷ್ಟು ಸಾಕು ಎಂದು ಕೈತೊಳೆದುಕೊಳ್ಳಲಿಲ್ಲ, ಆ ಕಾಲದ ಒಳ್ಳೆಯ ತಲೆಯೊಂದನ್ನು ಅವರಿಗಾಗಿ ದುಡಿಸಿದರು. ಇದು ಬಡತನವಲ್ಲ, ಗೌರವ.

ಈ ಗೌರವ ಕಾಣಿಸಲು ಇಂಗ್ಲಿಷರಿಗೂ ತಡವಾಯಿತು. 1947ರ ಕಾನೂನಿನ ಮೇಲೆ ಪಟ್ಟಿ ಮಾಡತೊಡಗಿದಾಗ ಮಣೆ ಸಿಕ್ಕಿದ್ದು ಹಳೆಯ ಕಟ್ಟಡಗಳಿಗೆ. ಎರಡು ಯುದ್ಧಗಳ ನಡುವಿನವು ಬಹುಕಾಲ ಹೊಸ್ತಿಲಾಚೆಯೇ ನಿಂತವು. 1980ರ ಆಗಸ್ಟ್‌ನಲ್ಲಿ, ರಜೆಯ ವಾರಾಂತ್ಯ ನೋಡಿ, ಪಶ್ಚಿಮ ಲಂಡನ್ನಿನ ಫೈರ್‌ಸ್ಟೋನ್ ಕಾರ್ಖಾನೆಯ ಚೆಲುವಾದ ಮುಖಭಾಗವನ್ನು ಕೆಡವಿಹಾಕಿದರು. 1928ರ ಕಟ್ಟಡ ಅದು. ಆಗ ಎದ್ದ ಕೂಗಿನಿಂದಲೇ ಆ ಕಾಲದ ಎಷ್ಟೋ ಕಟ್ಟಡಗಳು ಪಟ್ಟಿಗೆ ಸೇರಿದವು. ಕೆಡವಿದ ಮೇಲೆ ಕಣ್ಣು ತೆರೆಯುವುದು ಯಾವ ಜಾಣತನ?

ಪಟ್ಟಿಗೆ ಸೇರಿದ ಮಾತ್ರಕ್ಕೆ ಮುಗಿಯಿತೇ? ಇಂಗ್ಲೆಂಡಿನಲ್ಲಿ ಊರ ಚರ್ಚಿನ ದುರಸ್ತಿಯ ಹೊಣೆ ಸಾಮಾನ್ಯವಾಗಿ ಅಲ್ಲಿಗೆ ಬರುವ ಸಭೆಯವರದೇ. ಒಂದು ಕಿಟಕಿ ಬದಲಿಸಲೂ ಧರ್ಮಪ್ರಾಂತ್ಯದ ಅಪ್ಪಣೆ ಬೇಕು. ಬೇಕಾದ್ದೇ, ಒಪ್ಪುತ್ತೇನೆ. ಆದರೆ ಆ ದುರಸ್ತಿಯ ಮೇಲೆ ಸರ್ಕಾರ ನೂರಕ್ಕೆ ಇಪ್ಪತ್ತರಂತೆ ತೆರಿಗೆ ಹಾಕುತ್ತದೆ. ಅದನ್ನು ಹಿಂದಿರುಗಿಸಲೆಂದು 2001ರಲ್ಲಿ ಒಂದು ಯೋಜನೆ ಬಂದಿತ್ತು. 2025ರಲ್ಲಿ ಅದಕ್ಕೂ ಕಟ್ಟಡವೊಂದಕ್ಕೆ ವರ್ಷಕ್ಕೆ 25,000 ಪೌಂಡಿನ ಮಿತಿ ಬಿಗಿದರು. “ಈ ಒಡವೆ ಮನೆತನದ್ದು, ಕರಗಿಸಬೇಡ, ಮಾರಬೇಡ, ಆದರೆ ಸವೆದರೆ ಖರ್ಚು ನಿನ್ನದು, ಅದರ ಮೇಲೆ ನನಗಿಷ್ಟು ಕೊಡು” ಎನ್ನುವ ಅತ್ತೆಯನ್ನು ನಾವೆಲ್ಲ ಬಲ್ಲೆವು. ಸರ್ಕಾರವೂ ಅದನ್ನೇ ಮಾಡಿದರೆ ರಕ್ಷಣೆ ಎಂಬ ಮಾತಿಗೆ ಬೆಲೆಯೇನು? ಶ್ರೀಮಂತ ಚರ್ಚು ಹೇಗೋ ಸಂಭಾಳಿಸೀತು. ಭಾರ ಬೀಳುವುದು ಬಡಾವಣೆಯ ಇಂಥ ಚರ್ಚುಗಳ ಮೇಲೆ, ಪುಟ ತೆಗೆದುಕೊಟ್ಟ ಆ ಅಜ್ಜಿಯಂಥವರ ಕೈಚೀಲದ ಮೇಲೆ.

ನಮ್ಮಲ್ಲಿ ಅನೇಕರು ಈಗ ಮಕ್ಕಳ ಮನೆಗೆಂದು ಆ ದೇಶಕ್ಕೆ ಹೋಗುತ್ತೇವೆ. ಅರಮನೆ ನೋಡಿ, ಬೇಡವೆನ್ನುವುದಿಲ್ಲ. ಆದರೆ ಹೋಗುವ ದಾರಿಯಲ್ಲಿ ಇಟ್ಟಿಗೆಯ ಚರ್ಚೊಂದು ಕಂಡು, ಅದರ ಬಾಗಿಲು ತೆರೆದಿದ್ದರೆ, ಒಳಗೆ ಹೋಗಿ ಹತ್ತು ನಿಮಿಷ ಕೂತು ಬನ್ನಿ. ಹುಂಡಿಯಲ್ಲಿ ಒಂದು ಪೌಂಡು ಹಾಕಿ. ಗೋಡೌನು ಎಂದು ಮಾತ್ರ ಅನ್ನಬೇಡಿ. ಅಂದು ನಾಚಿಕೊಂಡವಳು ನಾನೊಬ್ಬಳೇ ಸಾಕು.