ಗಣಕಯಂತ್ರಕ್ಕಿಂತ ಮೊದಲು ಗುರುಗಳ ತಯಾರಿ

ಶಾಲೆಗೆ ಗಣಕಯಂತ್ರ ಬಂದರೆ ಸಾಕು, ಮಕ್ಕಳು ಜಾಣರಾಗುತ್ತಾರೆಂದು ಅನೇಕ ಪಾಲಕರು ತಿಳಿದಿದ್ದಾರೆ. ನಮಗೆ ಹಾಗೆನಿಸುವುದಿಲ್ಲ. ನಮ್ಮ ಸೋಲಾಪುರ ಜಿಲ್ಲೆಯ ಉದಾಹರಣೆಯನ್ನೇ ನೋಡಿರಿ. ಮಾಢಾ ತಾಲೂಕಿನ ಪರಿತೇವಾಡಿಯ ಜಿಲ್ಲಾ ಪರಿಷತ್ ಶಾಲೆಯ ಶಿಕ್ಷಕ ರಣಜಿತಸಿಂಹ ಡಿಸಲೆಯವರು ಪಠ್ಯಪುಸ್ತಕಗಳಿಗೆ ಕ್ಯೂಆರ್ ಸಂಕೇತ ಜೋಡಿಸಿ, ಪಾಠದ ಧ್ವನಿ, ಚಿತ್ರಗಳನ್ನು ಮೊಬೈಲಿನಲ್ಲಿ ಒದಗಿಸಿದರು. 2020ರಲ್ಲಿ ಅವರಿಗೆ ಗ್ಲೋಬಲ್ ಟೀಚರ್ ಪ್ರೈಝ್ ಬಂದಿತು. ಹತ್ತು ಲಕ್ಷ ಡಾಲರಿನಲ್ಲಿ ಅರ್ಧವನ್ನು ಕೊನೆಯ ಸುತ್ತಿನ ಉಳಿದ ಒಂಬತ್ತು ಶಿಕ್ಷಕರಿಗೆ ಹಂಚಿದರು, ದೊಡ್ಡ ಮನಸ್ಸು! ಅಲ್ಲಿ ಕೆಲಸ ಮಾಡಿದ್ದು ಯಂತ್ರವಲ್ಲ, ಗುರು.

ಮೈಂದರ್ಗಿಯ ಮಕ್ಕಳಿಗೆ ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ಮರಾಠಿ, ಕೀಲಿಮಣೆಯ ಮೇಲೆ ಇಂಗ್ಲಿಷು. ಆದರೆ ಕೆ. ಪಿ. ರಾವ್ ಅವರು ರೂಪಿಸಿದ ವಿನ್ಯಾಸದಲ್ಲಿ ಅದೇ ಕೀಲಿಗಳಿಂದ ಕನ್ನಡ ಮೂಡುತ್ತದೆ. 'ಕೆ' ಒತ್ತಿದರೆ 'ಕ' ಬರುತ್ತದೆ. ಇದನ್ನು ಕನ್ನಡ ಶಾಲೆಯ ಗುರುಗಳಿಗೆ ಕನ್ನಡದಲ್ಲಿಯೇ ಕಲಿಸಬೇಕಲ್ಲವೆ?

ಇನ್ನೊಂದು ಮಾತು. ಮನೆಯಲ್ಲಿ ಮೊಬೈಲ್ ಒಂದೇ ಇದ್ದರೆ ಅದು ತಂದೆಯ ಕಿಸೆಯಲ್ಲಿ, ಆಮೇಲೆ ಅಣ್ಣನ ಕೈಯಲ್ಲಿ. ತಂಗಿಯ ಪಾಳಿ ಬರುವುದೇ ಇಲ್ಲ. ವರ್ಗದಲ್ಲಿಯೂ ಚುರುಕಾದವನೇ ಕೀಲಿಮಣೆ ಹಿಡಿದು ಕುಳಿತರೆ ಆಕೆ ಎಲ್ಲಿ ಕಲಿಯಬೇಕು? ಪ್ರತಿಯೊಬ್ಬರಿಗೂ ಪಾಳಿ ಹಚ್ಚುವುದು ಗುರುಗಳ ತರಬೇತಿಯ ಭಾಗವೇ ಆಗಬೇಕು.

ಪಾಲಕರೇ, ಮುಂದಿನ ಸಭೆಯಲ್ಲಿ ಎಷ್ಟು ಯಂತ್ರ ಬಂದವೆಂದು ಕೇಳುವಾಗ, ಎಷ್ಟು ಶಿಕ್ಷಕರಿಗೆ, ಎಷ್ಟು ದಿನ, ಯಾವ ಭಾಷೆಯಲ್ಲಿ ತರಬೇತಿ ಸಿಕ್ಕಿತೆಂಬುದನ್ನೂ ಕೇಳಿರಿ.