ರಫಿಯವರ ಔದಾರ್ಯ, ಉಳಿದವರ ಲೆಕ್ಕ

ರಿಜಿಸ್ಟ್ರಾರ್ ಆಫ್ ಕಾಪಿರೈಟ್ಸ್ ಅವರಿಗೆ,
ಕೃತಿಸ್ವಾಮ್ಯ ಕಚೇರಿ, ದ್ವಾರಕಾ, ನವದೆಹಲಿ



ಜುಲೈ 31 ಮೊಹಮ್ಮದ್ ರಫಿ ತೀರಿಕೊಂಡ ದಿನ. 1980ರಿಂದ ಈಚೆಗೆ ಆ ದಿನ ಬಂತೆಂದರೆ ಅವರ ಅಭಿಮಾನಿಗಳು ಎಲ್ಲಾದರೂ ಒಂದು ಸಭಾಂಗಣ ಹಿಡಿದು ಹಾಡಿಸುತ್ತಾರೆ. ಕರ್ನಾಟಕದ ಆರ್ಕೆಸ್ಟ್ರಾ ಗಾಯಕರಿಗೂ ಆ ಸಂಜೆ ಕೆಲಸ ಇದ್ದೇ ಇರುತ್ತದೆ. ಹಾಡು ಹಾಡಿನ ನಡುವೆ ನಿರೂಪಕರು ರಫಿ ಸಾಹೇಬರ ದೊಡ್ಡತನದ ಕತೆ ಹೇಳುತ್ತಾರೆ. ಕೈಯಲ್ಲಿ ಕಾಸಿಲ್ಲದ ಸಂಗೀತ ನಿರ್ದೇಶಕನಿಂದ ಒಂದೇ ಒಂದು ರೂಪಾಯಿ ಪಡೆದು ಹಾಡಿದರಂತೆ. ಹೊಸಬರ ಚಿತ್ರವೆಂದರೆ ಹಣದ ಮಾತೇ ಎತ್ತುತ್ತಿರಲಿಲ್ಲವಂತೆ. ಅದರ ಬೆನ್ನಿಗೇ ಇನ್ನೊಂದು: ಲತಾ ಮಂಗೇಶ್ಕರ್ ರಾಯಲ್ಟಿ ಬೇಕೆಂದು ಹಟ ಹಿಡಿದಾಗ ರಫಿ ಮಾತ್ರ ಬೇಡವೆಂದರಂತೆ. ಸಭೆ ಚಪ್ಪಾಳೆ ತಟ್ಟುತ್ತದೆ.

ಈ ಪತ್ರದ ತಕರಾರು ಆ ಕೊನೆಯ ಚಪ್ಪಾಳೆಯ ಬಗ್ಗೆ. ಅದನ್ನು ತಮಗೇ ಬರೆಯಲು ಕಾರಣವಿದೆ. ಹಾಡುಗಾರರಿಗೆ ಬರಬೇಕಾದ ಹಣದ ಲೆಕ್ಕಪತ್ರ ಕಾನೂನಿನ ಪ್ರಕಾರ ಬಂದು ಸೇರುವುದು ತಮ್ಮ ಮೇಜಿಗೆ.

ಆಗಿದ್ದೇನು? 1960ರ ದಶಕದ ಆರಂಭ. ಗ್ರಾಮಫೋನ್ ಕಂಪನಿ ಚಿತ್ರ ನಿರ್ಮಾಪಕರಿಗೆ ರೆಕಾರ್ಡ್ ಮಾರಾಟದ ಮೇಲೆ ರಾಯಲ್ಟಿ ಕೊಡುತ್ತಿತ್ತು. ಹೆಸರು ಮಾಡಿದ ಕೆಲವು ಸಂಗೀತ ನಿರ್ದೇಶಕರು ಪಟ್ಟು ಹಿಡಿದು ಅದರಲ್ಲಿ ಶೇ 5ರಷ್ಟು ಪಾಲು ಪಡೆಯುತ್ತಿದ್ದರು. ಆ ಪಾಲಿನಲ್ಲಿ ಅರ್ಧ ಹಾಡಿದವರಿಗೂ ಸಲ್ಲಬೇಕು ಎಂಬುದು ಲತಾ ವಾದ. ಮುಕೇಶ್, ತಲತ್ ಮೆಹಮೂದ್ ತಮ್ಮ ಜೊತೆಗಿದ್ದರೆಂದು ಅವರು ಮುಂದೆ ಹೇಳಿದ್ದಾರೆ. ರಫಿ ಒಪ್ಪಲಿಲ್ಲ. ಅವರ ತರ್ಕ ಸರಳ: ನಿರ್ಮಾಪಕ ಒಪ್ಪಿದ ಸಂಭಾವನೆ ಕೊಟ್ಟ, ಗಾಯಕ ಹಾಡಿದ, ಅಲ್ಲಿಗೆ ಲೆಕ್ಕ ಚುಕ್ತಾ. ಚಿತ್ರ ಓಡಿದರೆ ಲಾಭ ಅವನದು. ತೋಪಾದರೆ ಹಾಡಿದವನ ದುಡ್ಡಿಗೇನೂ ಧಕ್ಕೆಯಿಲ್ಲ. ಮಾತಿಗೆ ಮಾತು ಬೆಳೆಯಿತು. 1963ರ ಸುಮಾರಿನಿಂದ ಕೆಲವು ವರ್ಷ ಇಬ್ಬರೂ ಜೊತೆಯಾಗಿ ಹಾಡಲಿಲ್ಲ. 1967ರಲ್ಲಿ ಎಸ್.ಡಿ. ಬರ್ಮನ್ ಸಂಗೀತದ ‘ಜ್ಯುವೆಲ್ ಥೀಫ್’ ಚಿತ್ರದ ಯುಗಳಗೀತೆಯ ಹೊತ್ತಿಗೆ ಮುನಿಸು ಮುಗಿದಿತ್ತು. (ಕನ್ನಡಿಗರಿಗೆ ಆ ವರ್ಷ ಇನ್ನೊಂದು ಕಾರಣಕ್ಕೂ ನೆನಪಿರುತ್ತದೆ. ‘ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ’ಕ್ಕೆ ಲತಾ, ‘ಒಂದೇ ಬಳ್ಳಿಯ ಹೂಗಳು’ ಚಿತ್ರಕ್ಕೆ ರಫಿ ಕನ್ನಡದಲ್ಲಿ ಹಾಡಿದ್ದು ಆಗಲೇ.)

ರಫಿಯವರ ದನಿಯನ್ನು ಪ್ರೀತಿಸುವ ಕೇಳುಗನಿಗೆ ಗೌರವ ಕೊಂಚ ಕೆಳಗಿಳಿಯುವುದು ಈ ಘಟ್ಟದಲ್ಲೇ. ಅವರು ದುರಾಸೆಯಿಂದ ಹಾಗೆ ಮಾಡಿದರೆಂದಲ್ಲ, ಸಂಗತಿ ಅದಕ್ಕೆ ತದ್ವಿರುದ್ಧ. ತನ್ನ ಪಾಲಿನ ದುಡ್ಡು ಬೇಡವೆನ್ನುವುದು ಔದಾರ್ಯ. ಆದರೆ ಅಂದು ಬೇಡವೆಂದದ್ದು ಒಬ್ಬರ ಪಾಲನ್ನಲ್ಲ, ಹಾಡುವವರೆಲ್ಲರ ಪಾಲನ್ನು. ಬೆಳಿಗ್ಗೆ ಒಂದು ಸ್ಟುಡಿಯೊ, ಮಧ್ಯಾಹ್ನ ಇನ್ನೊಂದು ಎಂದು ಓಡಾಡುತ್ತಿದ್ದ ಗಾಯಕನಿಗೆ ‘ಹಾಡಿದೆ, ದುಡ್ಡು ಬಂತು, ಮುಗಿಯಿತು’ ಎನ್ನುವುದು ಸುಲಭ. ತಲತ್ ಅವರಿಗೆ ಆ ದಶಕದಲ್ಲಿ ಕರೆಗಳೇ ಕಡಿಮೆಯಾಗಿದ್ದವು. ಬೆಂಗಳೂರಿನಲ್ಲಿ ಹುಟ್ಟಿದ ಗುರುದತ್ ಅವರ ಪತ್ನಿ ಗೀತಾ ದತ್, ಪತಿ 1964ರಲ್ಲಿ ತೀರಿಕೊಂಡ ಮೇಲೆ ಹಣದ ಮುಗ್ಗಟ್ಟಿಗೆ ಸಿಕ್ಕಿ ಮತ್ತೆ ವೇದಿಕೆ ಹತ್ತಬೇಕಾಯಿತು. 1972ರಲ್ಲಿ, ನಲವತ್ತೊಂದನೆಯ ವಯಸ್ಸಿಗೆ ಹೋಗಿಬಿಟ್ಟರು. ಆ ಅಷ್ಟೂ ವರ್ಷ ಅವರ ಹಾಡುಗಳು ರೇಡಿಯೊದಲ್ಲಿ ಬರುತ್ತಲೇ ಇದ್ದವು. ಹೊಸ ಹಾಡು ಸಿಗದ ದಿನ ಹಳೆಯ ಹಾಡು ಒಲೆ ಹೊತ್ತಿಸಬೇಕು. ರಾಯಲ್ಟಿಯ ಉದ್ದೇಶವೇ ಅದು. ಬೇಡಿಕೆಯ ತುದಿಯಲ್ಲಿ ನಿಂತವರು ಅದನ್ನು ಬೇಡವೆಂದಾಗ ಕಂಪನಿಗಳಿಗೆ ಇನ್ನೇನು ಬೇಕು?

ಲತಾ ಅವರನ್ನು ದೇವಿ ಮಾಡಿ ಕೂರಿಸುವ ಅಗತ್ಯವೂ ಇಲ್ಲ. ಅವರ ಸಿಟ್ಟಿಗೂ ಸ್ವಾರ್ಥದ ಒಂದು ಅಂಚಿತ್ತು; ತಮ್ಮ ಬೇಡಿಕೆಗೆ ಬಲವಿದ್ದದ್ದು ತಮ್ಮ ದನಿ ಅನಿವಾರ್ಯವಾಗಿದ್ದರಿಂದ ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಆದರೂ ಆ ಸಿಟ್ಟು ಎಲ್ಲಿಂದ ಬಂತೆಂಬುದನ್ನು ಮರೆಯಬಾರದು. 1949ರ ‘ಮಹಲ್’ ಚಿತ್ರದ ಹಾಡು ದೇಶವನ್ನೇ ಮರುಳು ಮಾಡಿದಾಗ ರೆಕಾರ್ಡಿನ ಮೇಲೆ ಗಾಯಕಿಯ ಹೆಸರಿನ ಜಾಗದಲ್ಲಿದ್ದದ್ದು ‘ಕಾಮಿನಿ’. ಅದು ತೆರೆಯ ಮೇಲಿನ ಪಾತ್ರದ ಹೆಸರು! ಫಿಲ್ಮ್‌ಫೇರ್ ಪ್ರಶಸ್ತಿಗಳಲ್ಲಿ ಹಿನ್ನೆಲೆ ಗಾಯನಕ್ಕೊಂದು ಜಾಗ ಸಿಕ್ಕಿದ್ದು 1959ರಲ್ಲಿ. ಹೆಸರಿಗೇ ಹೋರಾಡಬೇಕಾದ ಜಾಗದಲ್ಲಿ ಹಣಕ್ಕೆ ಹೋರಾಡಿದವರನ್ನು ‘ದುಡ್ಡಿನಾಸೆ’ ಎಂದು ಜರೆದರು. ಬೇಡವೆಂದವರನ್ನು ಸಂತರೆಂದರು.

ಈ ಜಗಳದ ಮೂರನೆಯ ಮುಖ ಕರಾವಳಿಯದು. ಲತಾ ಬಿಟ್ಟ ಜಾಗಕ್ಕೆ ರಫಿಯವರ ಜೊತೆಗೆ ಬಂದ ದನಿಗಳಲ್ಲಿ ಮುಖ್ಯವಾದದ್ದು ಸುಮನ್ ಕಲ್ಯಾಣಪುರ್ ಅವರದು. ಢಾಕಾದಲ್ಲಿ ಹುಟ್ಟಿದರೂ ತವರುಮನೆಯ ಹೆಸರು ಹೆಮ್ಮಾಡಿ, ಕುಂದಾಪುರದ ಪಕ್ಕದ ಊರು. ‘ರಾಜಕುಮಾರ್’, ‘ಜಬ್ ಜಬ್ ಫೂಲ್ ಖಿಲೆ’, ‘ಬ್ರಹ್ಮಚಾರಿ’ ಚಿತ್ರಗಳಲ್ಲಿ ಇಬ್ಬರೂ ಹಾಡಿದ ಯುಗಳಗೀತೆಗಳು ಇವತ್ತಿಗೂ ಕೇಳಿಬರುತ್ತವೆ. ಅವನ್ನು ಲತಾ ಹಾಡಿದ್ದೆಂದೇ ನಂಬಿದ ಕೇಳುಗರಿಗೆ ಲೆಕ್ಕವಿಲ್ಲ. ಕೇಂದ್ರ ಸರ್ಕಾರ ಅವರಿಗೆ ಪದ್ಮಭೂಷಣ ಕೊಟ್ಟದ್ದು 2023ರಲ್ಲಿ. ಜಗಳದಿಂದ ಅವರಿಗೆ ಹಾಡುಗಳು ಸಿಕ್ಕವು, ನಿಜ. ಜಗಳದ ವಸ್ತುವಾಗಿದ್ದ ಹಕ್ಕು ಅವರಿಗೂ ಸಿಗಲಿಲ್ಲ.

ಇನ್ನು ಕಾನೂನು. 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಸಾಹಿತ್ಯ ಬರೆದವನಿದ್ದ, ರಾಗ ಹಾಕಿದವನಿದ್ದ, ರೆಕಾರ್ಡ್ ಮಾಡಿದ ಕಂಪನಿಯಿತ್ತು. ಹಾಡಿದವನಿಗೆ ಜಾಗವೇ ಇರಲಿಲ್ಲ. ಅಂದರೆ ರಫಿ ಬೇಡವೆಂದದ್ದೂ ಲತಾ ಬೇಕೆಂದದ್ದೂ ಕಾನೂನಿನಲ್ಲೇ ಇಲ್ಲದ ಹಕ್ಕನ್ನು. 1977ರಲ್ಲಿ ಸುಪ್ರೀಂ ಕೋರ್ಟ್ ಗೀತಕಾರರ, ಸಂಗೀತ ನಿರ್ದೇಶಕರ ಸಂಘವಾದ ಐಪಿಆರ್‌ಎಸ್‌ನ ಪ್ರಕರಣದಲ್ಲಿ ನಿರ್ಮಾಪಕರ ಕೈ ಹಿಡಿಯಿತು. ಅದೇ ತೀರ್ಪಿಗೆ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಒಂದು ಟಿಪ್ಪಣಿ ಸೇರಿಸಿದರು: ಸಂಗೀತವೆಂದರೆ ಹಾಡುವವರೇ ಎಂದು ತಿಳಿಯುವ ಈ ನಾಡಿನ ಕಾಯ್ದೆ ಹಾಡುವವರನ್ನೇ ಹೊರಗಿಟ್ಟಿದೆಯಲ್ಲ, ಸಂಸತ್ತು ಇದನ್ನು ಗಮನಿಸಬೇಕು ಎಂಬ ಅರ್ಥದಲ್ಲಿ. ಸಂಸತ್ತು ಗಮನಿಸಿದ್ದು 1994ರಲ್ಲಿ. ಪ್ರದರ್ಶಕರ ಹಕ್ಕು ಬಂತು. ಆದರೆ ಒಂದು ಕೈಯಲ್ಲಿ ಕೊಟ್ಟು ಇನ್ನೊಂದರಲ್ಲಿ ಕಿತ್ತುಕೊಂಡಂತೆ, ಸಿನಿಮಾಕ್ಕೆ ಹಾಡಲು ಒಮ್ಮೆ ಒಪ್ಪಿದರೆ ಆ ಹಕ್ಕು ಅಲ್ಲಿಗೇ ಮುಗಿಯುತ್ತಿತ್ತು. ಕೊನೆಗೂ 2012ರ ಜೂನ್‌ನಲ್ಲಿ ಜಾರಿಗೆ ಬಂದ ತಿದ್ದುಪಡಿ ಈ ಗಂಟು ಬಿಚ್ಚಿತು. ಸಿನಿಮಾ ಹಾಡೇ ಆದರೂ ವಾಣಿಜ್ಯ ಬಳಕೆಯಾದಾಗ ಪ್ರದರ್ಶಕರಿಗೆ ರಾಯಲ್ಟಿ ಸಲ್ಲಬೇಕೆಂದು 38ಎ ಸೆಕ್ಷನ್ ಹೇಳಿತು. ಗೀತಕಾರರ, ಸಂಗೀತ ನಿರ್ದೇಶಕರ ಪಾಲಿಗಾಗಿ ರಾಜ್ಯಸಭೆಯಲ್ಲಿ ದನಿ ಎತ್ತಿದವರು ಜಾವೇದ್ ಅಖ್ತರ್.

ಹಾಗೆ ಐವತ್ತು ವರ್ಷ ತಡವಾಗಿ ಲತಾ ಅವರ ವಾದವೇ ಕಾನೂನಾಯಿತು. ಅದೇ ವರ್ಷ ಅದೇ ಜಗಳ ಮತ್ತೆ ಪತ್ರಿಕೆಗಳ ಮುಖಪುಟಕ್ಕೆ ಬಂತು. ಕಾಯ್ದೆಯ ಕಾರಣಕ್ಕಲ್ಲ, ಒಂದು ಪತ್ರದ ಕಾರಣಕ್ಕೆ. ರಫಿ ತಮಗೆ ಕ್ಷಮೆ ಕೇಳಿ ಪತ್ರ ಬರೆದಿದ್ದರೆಂದು ಲತಾ ಸಂದರ್ಶನವೊಂದರಲ್ಲಿ ಹೇಳಿದರು. ರಫಿಯವರ ಮಗ ಅದನ್ನು ಅಲ್ಲಗಳೆದು, ಇದ್ದರೆ ಪತ್ರ ತೋರಿಸಲಿ ಎಂದರು. ಅಭಿಮಾನಿಗಳು ಎರಡು ಪಾಳಯವಾದರು. ಯಾರು ಯಾರ ಕ್ಷಮೆ ಕೇಳಿದರು ಎಂಬುದು ಅಷ್ಟು ಮುಖ್ಯವಾಯಿತು. ಇನ್ನು ಮುಂದೆ ಹಾಡುವವರಿಗೆ ಹಣ ಹೇಗೆ ಬರುತ್ತದೆ, ಯಾರು ಹಂಚುತ್ತಾರೆ, ಯಾರಿಗೆ ಎಷ್ಟು ಎಂದು ಕೇಳಿದವರು ಕಡಿಮೆ.

ಐದು ವರ್ಷಕ್ಕೆ ಅದೇ ಆಟ ದಕ್ಷಿಣದಲ್ಲಿ. 2017ರ ಮಾರ್ಚ್‌ನಲ್ಲಿ ಎಸ್.ಪಿ. ಬಾಲಸುಬ್ರಹ್ಮಣ್ಯಂ ಅಮೆರಿಕ ಪ್ರವಾಸದಲ್ಲಿದ್ದಾಗ, ತಾವು ಸಂಯೋಜಿಸಿದ ಹಾಡುಗಳನ್ನು ಅನುಮತಿಯಿಲ್ಲದೆ ವೇದಿಕೆಯಲ್ಲಿ ಹಾಡಬಾರದೆಂದು ಇಳಯರಾಜ ಕಡೆಯಿಂದ ನೋಟಿಸು ಹೋಯಿತು. ಎಸ್‌ಪಿಬಿ ಜಗಳಕ್ಕಿಳಿಯಲಿಲ್ಲ. ವಿಷಯವನ್ನು ಅಭಿಮಾನಿಗಳಿಗೆ ತಿಳಿಸಿ, ಇಳಯರಾಜ ಹಾಡುಗಳನ್ನು ಬಿಟ್ಟು ಕಾರ್ಯಕ್ರಮ ಮುಂದುವರಿಸಿದರು. ಎಸ್‌ಪಿಬಿ ಕನ್ನಡಿಗರಿಗೆ ಮನೆಮಗನಂತಿದ್ದವರು. ‘ಗೀತಾ’, ‘ಪಲ್ಲವಿ ಅನುಪಲ್ಲವಿ’ ಚಿತ್ರಗಳಿಗೆ ಸಂಗೀತ ಕೊಟ್ಟ ಇಳಯರಾಜ ಮೇಲೂ ಪ್ರೀತಿ ಕಡಿಮೆಯದಲ್ಲ. ಆದರೂ ಇಲ್ಲಿಯ ಕೇಳುಗರ ಸಿಟ್ಟೆಲ್ಲ ಇಳಯರಾಜ ಮೇಲೆ ಸುರಿಯಿತು. ಟಿಕೆಟ್ ಮಾರಿ ಸಂಗೀತ ಸಂಜೆ ನಡೆಸುವವರು ಸಂಯೋಜಕನ ಪಾಲು ಕೊಡಬೇಕೋ ಬೇಡವೋ? ಕೊಡಬೇಕು, ಅದರಲ್ಲಿ ಎರಡು ಮಾತಿಲ್ಲ. ನಲವತ್ತು ವರ್ಷದ ಗೆಳೆಯನಿಗೆ ನೋಟಿಸು ಕಳಿಸಿದ್ದು ಒರಟುತನ, ಅದರಲ್ಲೂ ಎರಡು ಮಾತಿಲ್ಲ. ಆಯೋಜಕರು ಕೃತಿಸ್ವಾಮ್ಯ ಸಂಘಕ್ಕೆ ಹಣ ಕಟ್ಟಿ, ಸಂಘ ಅದನ್ನು ಪಾಲು ಮಾಡಿ ಹಂಚುವ ವ್ಯವಸ್ಥೆ ನೆಟ್ಟಗಿದ್ದಿದ್ದರೆ ಆ ನೋಟಿಸಿಗೆ ಕಾರಣವೇ ಇರುತ್ತಿರಲಿಲ್ಲ. ಇಬ್ಬರೂ 2019ರಲ್ಲಿ ಮತ್ತೆ ಜೊತೆಯಾದರು. ಮರುವರ್ಷ ಎಸ್‌ಪಿಬಿ ಹೋಗಿಬಿಟ್ಟರು.

ಹೀಗೆ ಮೆಚ್ಚಿದ ಕಲಾವಿದರ ಮೇಲಿನ ಗೌರವ ಕಳೆದುಕೊಂಡು ಕೂತ ಕೇಳುಗರ ಪರವಾಗಿ ತಮ್ಮಲ್ಲಿ ಒಂದಿಷ್ಟು ಕೇಳುವುದಿದೆ.

2013ರಲ್ಲಿ ಗಾಯಕರ ಸಂಘ ಇಸ್ರಾ ನೋಂದಣಿಯಾಯಿತು. ಹಾಡು ಹಾಕುವ ಬಾರ್, ರೆಸ್ಟೋರೆಂಟ್‌ಗಳು ಪ್ರದರ್ಶಕರ ಪಾಲು ಕೊಡಬೇಕೆಂಬ ವಾದವನ್ನು 2016ರಲ್ಲಿ ದೆಹಲಿ ಹೈಕೋರ್ಟ್ ಎತ್ತಿಹಿಡಿಯಿತು. ಒಳ್ಳೆಯದೇ. ಆದರೆ ಕಾಯ್ದೆಯ 36ನೇ ಸೆಕ್ಷನ್ ಪ್ರಕಾರ ಪ್ರತಿಯೊಂದು ಸಂಘವೂ ತಮಗೆ ವಿವರ ಸಲ್ಲಿಸಬೇಕು. ಹಣ ಸರಿಯಾಗಿ ಹಂಚಿಕೆಯಾಗಿದೆಯೇ ಎಂದು ನೋಡಲು ಸರ್ಕಾರ ನೇಮಿಸಿದ ಅಧಿಕಾರಿ ಯಾವ ದಾಖಲೆಯನ್ನಾದರೂ ತರಿಸಿಕೊಳ್ಳಬಹುದು. ಆ ಅಧಿಕಾರ ಬಳಕೆಯಾಗಲಿ. ಹಣ ಬಂದಿದ್ದೂ ವಾರಸುದಾರರು ಸಿಗದ ಹೆಸರುಗಳ ಪಟ್ಟಿ ಇಂಗ್ಲಿಷಿನಲ್ಲಷ್ಟೇ ಉಳಿಯದೆ ಆಯಾ ಭಾಷೆಯಲ್ಲೂ ಹೊರಬರಲಿ. ಕನ್ನಡದಲ್ಲಿ ಕ್ಯಾಸೆಟ್ ಕಾಲದಲ್ಲಿ ಭಾವಗೀತೆ, ಜನಪದ ಗೀತೆ, ಭಕ್ತಿಗೀತೆ ಹಾಡಿ ಒಂದೇ ಕಂತಿನಲ್ಲಿ ದುಡ್ಡು ಪಡೆದು ಮನೆಗೆ ಹೋದವರು ಬಹಳ ಮಂದಿ. ಅವರ ಹಾಡು ಇವತ್ತು ಮೊಬೈಲಿನಲ್ಲಿ ಓಡುತ್ತಿದೆ. ತಮಗೊಂದು ಹಕ್ಕಿರಬಹುದೆಂದು ಅವರಿಗೆ ಹೇಳಿದವರು ಯಾರು?

ಕೋರಸ್ ಹಾಡುವವರ ಪಾಡು ಇನ್ನೂ ಕಷ್ಟ. ‘ಪ್ರದರ್ಶಕ’ ಯಾರೆಂದು ಹೇಳುವಾಗ ಕಾಯ್ದೆ ಒಂದು ಷರತ್ತು ಹಾಕಿದೆ: ಚಿತ್ರದಲ್ಲಿ ಕೆಲಸ ಪ್ರಾಸಂಗಿಕವಾಗಿದ್ದು, ಉದ್ಯಮದ ರೂಢಿಯಂತೆ ಹೆಸರು ಎಲ್ಲೂ ಹಾಕದಿದ್ದರೆ ಅಂಥವರು ಪ್ರದರ್ಶಕರಲ್ಲ. ಹಾಗಾದರೆ ನಿರ್ಮಾಪಕ ಹೆಸರು ಬಿಟ್ಟರೆ ಹಕ್ಕೂ ಬಿಟ್ಟುಹೋಗುವ ಭಯವಿದ್ದೇ ಇದೆ. ‘ಕಾಮಿನಿ’ಯ ಕಾಲದಿಂದ ಎಷ್ಟು ದೂರ ಬಂದ ಹಾಗಾಯಿತು?

ಅವಧಿಯ ಲೆಕ್ಕ ಕೇಳಿದರಂತೂ ನಗು ಬರುತ್ತದೆ. 2000ದಲ್ಲಿ ಹಾಡಿ ಅದೇ ವರ್ಷ ಬಿಡುಗಡೆಯಾದ ಹಾಡನ್ನೇ ತೆಗೆದುಕೊಳ್ಳಿ. ಪ್ರದರ್ಶಕರ ಹಕ್ಕು ಐವತ್ತು ವರ್ಷ, ಎಂದರೆ 2050ರ ಕೊನೆಗೆ ಮುಗಿಯುತ್ತದೆ. ಧ್ವನಿಮುದ್ರಣದ ಮೇಲೆ ಕಂಪನಿಯ ಹಕ್ಕು ಅರವತ್ತು ವರ್ಷ, 2060ರ ತನಕ. ಅದೇ ಹಾಡು, ಅದೇ ದನಿ. ಕೊನೆಯ ಹತ್ತು ವರ್ಷ ಕಂಪನಿಗೆ ಹಣ ಬರುತ್ತದೆ, ಹಾಡಿದವರಿಗೆ ಅಥವಾ ಅವರ ಮಕ್ಕಳಿಗೆ ಬರುವುದಿಲ್ಲ. ಇದನ್ನು ಸರಿಪಡಿಸುವುದು ಸಂಸತ್ತಿನ ಕೆಲಸ, ತಮ್ಮದಲ್ಲ ಎಂಬುದು ಗೊತ್ತಿದೆ. ಆದರೆ ತಿದ್ದುಪಡಿಯ ಕಡತಕ್ಕೆ ಮೊದಲ ಟಿಪ್ಪಣಿ ಬರೆಯಲು ತಮ್ಮ ಕಚೇರಿಗಿಂತ ತಕ್ಕ ಜಾಗ ಇನ್ನೊಂದಿಲ್ಲ. ಆ ಟಿಪ್ಪಣಿಯನ್ನು ಈ ವರ್ಷವೇ ಸಚಿವಾಲಯಕ್ಕೆ ಕಳಿಸಬೇಕು. ಸಂಘಗಳು ಯಾರಿಗೆ ಎಷ್ಟು ಹಂಚಿದವು, ಯಾರ ಹಣ ಹಾಗೇ ಉಳಿದಿದೆ ಎಂಬ ಪಟ್ಟಿಯನ್ನು ಮುಂದಿನ ಜುಲೈ 31ರೊಳಗೆ, ಕನ್ನಡದಲ್ಲೂ, ಪ್ರಕಟಿಸುವಂತೆ ಮಾಡಬೇಕು ಎಂದು ವಿನಂತಿ.

ಇತಿ,
ರಫಿಯವರನ್ನು ಇನ್ನೂ ಕೇಳುತ್ತಿರುವ ಒಬ್ಬ ಕನ್ನಡ ಕೇಳುಗ